ಕಪ್ತಾನರು ಕೊಡದ ಭಾನುವಾರ

ವಲೇಹೊ, ಕ್ಯಾಲಿಫೋರ್ನಿಯ
2 ಫೆಬ್ರುವರಿ 1999

ಮಾನ್ಯ ಶ್ರೀಮತಿ ಮೇವಿಸ್ ಪೆಂಗೆಲಿ ಅವರಿಗೆ,

ಕಳೆದ ತಿಂಗಳ ನನ್ನ ಪತ್ರದಲ್ಲಿ ಒಂದು ತಪ್ಪು ನುಸುಳಿದೆ; ಅದಕ್ಕಾಗಿ ಕ್ಷಮೆ ಬೇಡುತ್ತೇನೆ. ನಿಮ್ಮ ತಂದೆಯವರಾದ ಎಮೆಟ್ ಕ್ಯಾಲವೇ ಅವರು 1944ರ ಜೂನ್ 13ರಂದು ತೀರಿಕೊಂಡರೆಂದು ಬರೆದಿದ್ದೆ. ನೀವು ಕಳುಹಿಸಿದ ವಿವರದಲ್ಲಿದ್ದ ದಿನಾಂಕವನ್ನು ಪರಿಶೀಲಿಸದೆ ಎತ್ತಿಕೊಂಡದ್ದು ನನ್ನ ಅಜಾಗರೂಕತೆ. ಹಡಗಿನ ದಿನಚರಿಯ ಪ್ರಕಾರ, ಯಂತ್ರಕೋಣೆಯಲ್ಲಿ ಉಗಿಯ ಕೊಳವೆ ಒಡೆದು ಅವರು ಪ್ರಾಣಬಿಟ್ಟದ್ದು ಜೂನ್ 12, ಸೋಮವಾರ, ಮಧ್ಯಾಹ್ನದ ಪಾಳಿಯಲ್ಲಿ. ಮರುದಿನ ಬೆಳಿಗ್ಗೆ, ಎಂದರೆ 13ರ ಮಂಗಳವಾರ, ದೇಹವನ್ನು ಕಡಲಿಗೆ ಒಪ್ಪಿಸಲಾಯಿತು.

ಒಂದು ದಿನದ ವ್ಯತ್ಯಾಸ ನಿಮಗೆ ಅಲ್ಪವೆನಿಸಬಹುದು. ನಮಗೆ ಹಾಗಲ್ಲ. 'ಎಲಿಯಾಸ್ ಟಾರ್ಬೆಲ್' ಹಡಗನ್ನು ತುಕ್ಕಿನ ಬಾಯಿಂದ ಉಳಿಸಿಕೊಂಡು ಬಂದಿರುವ ನಾವೆಲ್ಲ ಸಂಬಳವಿಲ್ಲದ ಮುದುಕರು. ಯುದ್ಧಕಾಲದಲ್ಲಿ ಸಮವಸ್ತ್ರವಿಲ್ಲದೆ ಸರಕು ಸಾಗಿಸಿ ಸತ್ತ ನಾವಿಕರನ್ನು ಸರ್ಕಾರ ಬಹುಕಾಲ ಯೋಧರ ಲೆಕ್ಕಕ್ಕೇ ಸೇರಿಸಲಿಲ್ಲ. ಆದಕಾರಣ ಈ ಹಡಗಿನಲ್ಲಿ ಮಡಿದ ಪ್ರತಿಯೊಬ್ಬರ ದಿನ, ಅವರು ಮಡಿದ ಹೊತ್ತಿಗೆ ಸರಿಯಾಗಿ, ನಾವು ಹಡಗಿನ ಗಂಟೆಯನ್ನು ಒಮ್ಮೆ ಬಾರಿಸುತ್ತೇವೆ. ಈ ವರ್ಷ ಅವರ ಹೆಸರುಗಳ ಕಂಚಿನ ಫಲಕವೂ ಸಿದ್ಧವಾಗುತ್ತಿದೆ. ಮೇ ತಿಂಗಳ ಕೊನೆಗೆ ಎರಕಕ್ಕೆ ಹೋಗಬೇಕು. ದಿನಾಂಕದಲ್ಲಿ ಸಂಶಯವಿರುವ ಹೆಸರನ್ನು ಫಲಕಕ್ಕೆ ಸೇರಿಸಬಾರದೆಂಬುದು ನಮ್ಮ ಸಮಿತಿಯ ನಿಯಮ.

ತಿದ್ದುಪಡಿಗೆ ನಿಮ್ಮ ಒಪ್ಪಿಗೆಯನ್ನು ಒಂದೇ ಸಾಲಿನಲ್ಲಿ ತಿಳಿಸಿದರೂ ಸಾಕು.

ವಿಧೇಯ,
ಆರ್ವಿಲ್ ಟ್ಯಾಂಡಿ
ಸ್ಮರಣ ಸಮಿತಿಯ ಕಾರ್ಯದರ್ಶಿ


ಟೌನ್ಸ್‌ವಿಲ್, ಕ್ವೀನ್ಸ್‌ಲೆಂಡ್
15 ಫೆಬ್ರುವರಿ 1999

ಮಾನ್ಯ ಶ್ರೀ ಟ್ಯಾಂಡಿ ಅವರಿಗೆ,

ಒಪ್ಪಿಗೆ ಇಲ್ಲ. ನೀವು ಕೇಳಿದ ಒಂದು ಸಾಲು ಇದೇ.

ಕಾರಣವನ್ನೂ ಹೇಳಬೇಕಾಗಿದೆ. ನಾನು ಹುಟ್ಟಿದ್ದು 1944ರ ಅಕ್ಟೋಬರಿನಲ್ಲಿ, ತಂದೆಯನ್ನು ಕಂಡವಳಲ್ಲ. ಹಡಗಿನ ಒಡೆಯರು ನನ್ನ ತಾಯಿ ಐಲೀನಳಿಗೆ ಕಳುಹಿಸಿದ ತಂತಿಯಲ್ಲಿ 'ಜೂನ್ ತಿಂಗಳಲ್ಲಿ' ಎಂದಷ್ಟೇ ಇತ್ತು. ಅವಳು ಜೂನ್ 13ನ್ನೇ ಹಿಡಿದುಕೊಂಡು ಬಾಳಿನುದ್ದಕ್ಕೂ ಆ ದಿನ ಅಡುಗೆಮನೆಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದಳು. ಅದು ಊಹೆಯಲ್ಲ. ತಂದೆ ಹಡಗಿನಲ್ಲಿ ಅವಳಿಗಾಗಿ ಮಾಡಿದ ಹಿತ್ತಾಳೆಯ ಕಡಗ ನನ್ನ ಬಳಿ ಇದೆ. ಸಾಯುವ ದಿನ ಅವರೇ ಕೊರೆದರೆಂದು ತಾಯಿ ಹೇಳುತ್ತಿದ್ದ ಅಕ್ಷರಗಳು ಒಳಮೈಯಲ್ಲಿವೆ: 'ಐಲೀನಳಿಗೆ. ಮಂಗಳವಾರ, 13 ಜೂನ್ 44.'

ಸೋಮವಾರ ಸತ್ತವರು ಮಂಗಳವಾರ ಕಡಗ ಕೊರೆದದ್ದು ಹೇಗೆ? ಮೊದಲು 13 ಎಂದು ಬರೆದು, ಈಗ ಅವಸರದಿಂದ 12 ಎಂದು ತಿದ್ದಲು ನಿಮಗೆ ಹೇಳಿದವರು ಯಾರು?

ಮೇವಿಸ್ ಪೆಂಗೆಲಿ


ವಲೇಹೊ
26 ಫೆಬ್ರುವರಿ 1999

ಮಾನ್ಯ ಶ್ರೀಮತಿ ಪೆಂಗೆಲಿ ಅವರಿಗೆ,

ನನಗೆ ಯಾರೂ ಏನನ್ನೂ ಹೇಳಿಲ್ಲ. ಹೇಳಿಸಿಕೊಂಡು ಬರೆಯುವ ವಯಸ್ಸನ್ನೂ ದಾಟಿದ್ದೇನೆ.

ಕಡಗದ ವಿಷಯ ಹೊಸದು. ನಿಮ್ಮ ಮೊದಲ ಪತ್ರದಲ್ಲಿ ಅದರ ಸೊಲ್ಲೇ ಇರಲಿಲ್ಲ. ನಾನು ದಿನಾಂಕವನ್ನು ತಿದ್ದಿದ ಮೇಲೆ ಅದು ಹೊರಬಂದಿತು. ದಿನಚರಿ ಹೇಳುವಂತೆ ಆ ಮಂಗಳವಾರ ಬೆಳಿಗ್ಗೆ ನಿಮ್ಮ ತಂದೆಯವರು ಶವಕ್ಕೆ ಸುತ್ತಿ ಹೊಲಿದ ನಾರುಬಟ್ಟೆಯೊಳಗಿದ್ದರು. ಅಂತಹವರು ಹಿತ್ತಾಳೆಯಲ್ಲಿ ಅಕ್ಷರ ಕೊರೆಯಲಾರರು.

ಇನ್ನೊಂದು ಸಂಗತಿ. ನಿಮ್ಮ ಮಗ ಕಳೆದ ಅಕ್ಟೋಬರಿನಲ್ಲಿ ನಮ್ಮ ಹಡಗನ್ನು ನೋಡಿಹೋದರೆಂದು ನೀವೇ ಸಂತೋಷದಿಂದ ಬರೆದಿದ್ದಿರಿ. ಅದೇ ಅಕ್ಟೋಬರಿನಲ್ಲಿ ನಮ್ಮ ಯಂತ್ರಕೋಣೆಯಿಂದ, ಕೊಳವೆಗೆ ತೊಡಿಸುವ ಅಂಗೈಯಗಲದ ಒಂದು ಹಿತ್ತಾಳೆಯ ಬಳೆ ಕಾಣೆಯಾಯಿತು. ನಾನು ಯಾರನ್ನೂ ದೂರುತ್ತಿಲ್ಲ. ಎರಡು ಸಂಗತಿಗಳನ್ನು ಅಕ್ಕಪಕ್ಕ ಇಡುತ್ತಿದ್ದೇನೆ, ಅಷ್ಟೆ. ಕಡಗವನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದರೆ ಹಳೆಯ ಹಿತ್ತಾಳೆಯೋ ಹೊಸ ಕೊರೆತವೋ ಎಂಬುದನ್ನು ಬಲ್ಲವರಿಂದ ನೋಡಿಸಿ ಹಿಂದಿರುಗಿಸುತ್ತೇನೆ.

ವಿಧೇಯ,
ಆರ್ವಿಲ್ ಟ್ಯಾಂಡಿ


ಟೌನ್ಸ್‌ವಿಲ್
9 ಮಾರ್ಚ್ 1999

ಶ್ರೀ ಟ್ಯಾಂಡಿ ಅವರೇ,

ಕಳುಹಿಸುವುದಿಲ್ಲ. ಹಿತ್ತಾಳೆ ಹಳೆಯದೋ ಹೊಸದೋ ಎಂದು ನೋಡುವ ನೆಪದಲ್ಲಿ ಅದು ನಿಮ್ಮ ಗಾಜಿನ ಪೆಟ್ಟಿಗೆಯೊಳಗೆ ಕೂರುವುದನ್ನು ಊಹಿಸಲಾರದಷ್ಟು ಮುಗ್ಧಳಲ್ಲ ನಾನು. ನನ್ನ ಮಗ ಆಸ್ಪತ್ರೆಯಲ್ಲಿ ಮಕ್ಕಳ ಮೂಳೆ ಕೂಡಿಸುವ ವೈದ್ಯ. ನಿಮ್ಮ ಪತ್ರವನ್ನು ಅವನಿಗೆ ಓದಿಹೇಳಿದೆ. "ಅಮ್ಮಾ, ಆ ಮುದುಕಪ್ಪನ ಹಡಗಿಂದ ನಾನು ತಂದಿದ್ದು ಬರೀ ನೆಗಡಿ ಅಂತ ಬರಿ" ಎಂದ. ಬರೆದಿದ್ದೇನೆ.

ಈಗ ನಾನೂ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಡುತ್ತೇನೆ. ಉಗಿ ತುಂಬಿದ ಕೋಣೆಯ ಬಾಗಿಲನ್ನು ಮುಚ್ಚಿಬಿಡುವುದು ಹಡಗುಗಳಲ್ಲಿ ವಾಡಿಕೆ ಎಂದು ಇಲ್ಲಿಯ ಬಂದರಿನವರು ಹೇಳುತ್ತಾರೆ. ಒಳಗಿದ್ದವನು ಸತ್ತನೆಂದು ಹೊರಗಿದ್ದವರು ಪುಸ್ತಕದಲ್ಲಿ ಬರೆದುಬಿಡಬಹುದು. ಸೋಮವಾರ ನಿಮ್ಮವರು ಬಾಗಿಲು ಮುಚ್ಚಿದರು. ಮಂಗಳವಾರ ನನ್ನ ತಂದೆ ಒಳಗೆ ಇನ್ನೂ ಬದುಕಿದ್ದರು. ಹೀಗೇ ನಡೆಯಿತೆ? ನಿಮ್ಮ ತಿದ್ದುಪಡಿ ಬಂದ ದಿನದಿಂದ ಕಣ್ಣು ಮುಚ್ಚಿದರೆ ನನಗೆ ಆ ಬಾಗಿಲೇ ಕಾಣುತ್ತದೆ. ಕಂಚಿನ ಫಲಕ ಬೇಕಿಲ್ಲ. ಇದಕ್ಕೆ ಉತ್ತರ ಬೇಕು.

ಮೇವಿಸ್ ಪೆಂಗೆಲಿ


ವಲೇಹೊ
20 ಮಾರ್ಚ್ 1999

ಮಾನ್ಯ ಶ್ರೀಮತಿ ಪೆಂಗೆಲಿ ಅವರಿಗೆ,

ನೀವು ಊಹಿಸಿದಂತೆ ನಡೆದಿಲ್ಲ. ಕೊಳವೆ ಒಡೆದ ಕೂಡಲೇ ಉಗಿಯನ್ನು ಮೇಲಿನಿಂದಲೇ ನಿಲ್ಲಿಸಿ, ಇಬ್ಬರು ಕೆಳಗಿಳಿದು ನಿಮ್ಮ ತಂದೆಯವರನ್ನು ಹೊತ್ತು ತಂದರು. ಅಷ್ಟರಲ್ಲಿ ಜೀವ ಹೋಗಿತ್ತು. ಕಪ್ತಾನರೂ ಮೊದಲನೆಯ ಯಂತ್ರಾಧಿಕಾರಿಯೂ ಇದಕ್ಕೆ ಸಹಿ ಹಾಕಿದ್ದಾರೆ. ಆ ಬಾಗಿಲನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

ಹಾಗಾದರೆ ಉಳಿಯುವ ಪ್ರಶ್ನೆ ಒಂದೇ. ನೀವೂ ಅದನ್ನು ಎಂದೋ ಕೇಳಿಕೊಂಡಿರಬೇಕು, ಆದರೆ ನನಗೆ ಬರೆದಿಲ್ಲ. ಕಡಗ ಕಡಲನ್ನು ದಾಟಿ ತಾನಾಗಿ ಟೌನ್ಸ್‌ವಿಲ್ಲಿಗೆ ಬರಲಿಲ್ಲ. ಅದನ್ನು ನಿಮ್ಮ ತಾಯಿಯವರ ಕೈಗಿತ್ತವರು ಯಾರು? ಕೊನೆಯ ಗಳಿಗೆಯ ನೆನಪೆಂದು ನಂಬಿಸಿ ಕೊಟ್ಟದ್ದರಿಂದ ಅವರಿಗೆ ದೊರೆತದ್ದೇನು?

ವಿಧೇಯ,
ಆರ್ವಿಲ್ ಟ್ಯಾಂಡಿ


ಟೌನ್ಸ್‌ವಿಲ್
2 ಮೇ 1999

ಶ್ರೀ ಟ್ಯಾಂಡಿ ಅವರೇ,

ದೊರೆತದ್ದು ನನ್ನ ತಾಯಿ.

ಇದನ್ನು ಬರೆಯಲು ಇಷ್ಟು ವಾರ ಹಿಡಿಯಿತು. ಕಡಗವನ್ನು ತಂದುಕೊಟ್ಟವನು ಫರ್ಗಸ್ ಟಾಲಿವರ್; ಅದೇ ಹಡಗಿನಲ್ಲಿ ತಂದೆಯ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನು. ಯುದ್ಧ ಮುಗಿದ ಮೇಲೆ ಅದನ್ನು ಕೊಡಲೆಂದು ಬಂದ, ಬಂದವನು ಹಿಂದಿರುಗಲಿಲ್ಲ. ನನಗೆ ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಮದುವೆಯಾದ. ನನ್ನನ್ನು ಬೆಳೆಸಿದವನು ಅವನೇ. ಈಜು ಕಲಿಸಿದ್ದು, ಶಾಲೆಗೆ ಬಿಟ್ಟದ್ದು, ನನ್ನ ಮದುವೆಯಲ್ಲಿ ಕೈಹಿಡಿದು ನಡೆಸಿದ್ದು ಎಲ್ಲವೂ ಅವನೇ. ವಿಧವೆಯ ಮನಸ್ಸನ್ನು ಒಲಿಸಿಕೊಳ್ಳಲು ಅವನೇ ಕಡಗ ಮಾಡಿ ದಿನಾಂಕ ಕೊರೆದುಕೊಂಡು ಬಂದಿರಬಹುದೆಂಬ ಯೋಚನೆ ನನಗೆ ಐವತ್ತು ವರ್ಷ ಬಂದಿರಲಿಲ್ಲ. ನೀವು ತಂದಿರಿ.

ಈಗ ಅವನು ಇಲ್ಲಿಯ ವೃದ್ಧಾಶ್ರಮದಲ್ಲಿದ್ದಾನೆ. ಮರೆವು ಬಂದಿದೆ. ಹೋಗಿ ಕೇಳಿದೆ. ಜಗಲಿಯಲ್ಲಿ ಕುಳಿತು ಡಬ್ಬಿಯ ಪೀಚ್ ಹಣ್ಣು ತಿನ್ನುತ್ತಿದ್ದ. ನಡೆದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. ನೀವೇ ತೂಗಿ ನೋಡಿ.

"ಫರ್ಗಸ್, ಈ ಕಡಗ ಮಾಡಿದ್ದು ಯಾರು?"

"ಯಾರು ಅಂದ್ರೆ? ಎಮೆಟ್. ನನ್ ಕೈಲಿ ಒಂದು ಮೊಳೆ ನೆಟ್ಟಗೆ ಹೊಡೆಯೋಕಾಗಲ್ಲ. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

"ಅಮ್ಮ ಹೋಗಿ ಆರು ವರ್ಷ ಆಯ್ತು."

"ಹೌದಾ? ನನಗ್ಯಾರೂ ಹೇಳಲೇ ಇಲ್ವಲ್ಲ." ಚಮಚವನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಎತ್ತಿಕೊಂಡ.

"ಎಮೆಟ್ ಸತ್ತಿದ್ದು ಯಾವ ವಾರ?"

"ಸೋಮವಾರ."

"ಮತ್ತೆ ಇದರಲ್ಲಿ ಮಂಗಳವಾರ ಅಂತ ಹೇಗೆ ಬಂತು? ನೀನೇ ಕೊರೆದೆಯಾ? ನಿಜ ಹೇಳು."

"ಎರಡನೇ ಸೋಮವಾರ ಕಣೇ ಮೇವಿ. ಮೊದಲನೇ ಸೋಮವಾರ ಗುಂಡುಕಲ್ಲಿನ ಹಾಗಿದ್ದ. ಇಸ್ಪೀಟಾಡಿ ನನ್ ಬೆಲ್ಟೂ ಗೆದ್ಕೊಂಡ ಆ ಕಳ್ಳ. ನಾನು ಪ್ಯಾಂಟ್ ಹಿಡ್ಕೊಂಡೇ ಪಾಳಿಗೆ ಹೋದೆ."

ವಾರಕ್ಕೆ ಎರಡು ಸೋಮವಾರ ಕಾಣುವ ಮನುಷ್ಯನ ಬಾಯಿಂದ ಇನ್ನು ಯಾವ ಸತ್ಯ ಬರಬೇಕು? ಎದ್ದು ಬಂದೆ. ಮೂರು ವಾರದಿಂದ ಅತ್ತ ಹೋಗಿಲ್ಲ. ಅವನು ಕೇಳುತ್ತಿರುತ್ತಾನಂತೆ. ತಂದೆಯ ಹೆಸರನ್ನು ನಿಮ್ಮ ಫಲಕದಿಂದ ಬಿಟ್ಟುಬಿಡಿ. ನನ್ನ ಮನೆಯ ಸುಳ್ಳನ್ನು ಕಂಚಿನಲ್ಲಿ ಎರಕ ಹೊಯ್ಯುವುದು ಬೇಡ.

ಮೇವಿಸ್ ಪೆಂಗೆಲಿ


ವಲೇಹೊ
12 ಮೇ 1999

ಮಾನ್ಯ ಶ್ರೀಮತಿ ಪೆಂಗೆಲಿ ಅವರಿಗೆ,

ಈ ಪತ್ರವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಶ್ರೀ ಟಾಲಿವರ್ ಅವರ ಕುರಿತು ದಯವಿಟ್ಟು ಯಾವ ತೀರ್ಮಾನಕ್ಕೂ ಬರಬೇಡಿ.

ಪೂರ್ವಕ್ಕೆ ಹೊರಟ ಹಡಗು ಶಾಂತಸಾಗರದ ನಡುವಣ ದಿನಾಂಕ ರೇಖೆಯನ್ನು ದಾಟಿದರೆ, ಅದರ ಪೂರ್ವಕ್ಕೆ ನಿಮ್ಮ ಕಡೆಗಿಂತ ಒಂದು ದಿನ ಹಿಂದಿರುವುದರಿಂದ, ಅದೇ ದಿನವನ್ನು ಇನ್ನೊಮ್ಮೆ ಎಣಿಸಬೇಕು. ಯುದ್ಧಕಾಲದಲ್ಲಿ ಹಡಗುಗಳಲ್ಲಿ ತಂತಿ ಸಂದೇಶದ ಕೆಲಸದಲ್ಲಿದ್ದ ನನಗೆ ಇದು ತಿಳಿಯದ್ದಲ್ಲ. ಆದರೆ 'ಟಾರ್ಬೆಲ್' ರೇಖೆಯನ್ನು ದಾಟಿದ್ದು ಜೂನ್ 11, ಭಾನುವಾರ. ಇಮ್ಮಡಿಯಾಗಬೇಕಾದದ್ದು ಭಾನುವಾರ. ದಿನಚರಿಯ ನಮ್ಮ ಪ್ರತಿಯಲ್ಲಿ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಆದುದರಿಂದ ಕಪ್ತಾನರು ದಿನದ ಗೊಡವೆಗೇ ಹೋಗದೆ ಬಂದರಿನಲ್ಲಿ ಸರಿಪಡಿಸಿದ್ದಾರೆಂದುಕೊಂಡು ನಾನು ಮುಂದೆ ಯೋಚಿಸಲಿಲ್ಲ.

ಈವರೆಗೆ ನಾನು ಓದುತ್ತಿದ್ದುದು ದಿನಚರಿಯ ಬೆರಳಚ್ಚಿನ ಪ್ರತಿಯನ್ನು. ಮೂಲ ಪುಸ್ತಕದ ಹಾಳೆಗಳು ಮುಟ್ಟಿದರೆ ಮುರಿಯುತ್ತವೆಂದು ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಪ್ರತಿ ಮಾಡಿದವರು ಬ್ಯೂಲಾ ಗ್ಯಾಟ್ಲಿನ್. ನಮ್ಮ ಹಡಗಿನ ಅಡುಗೆಮನೆಯನ್ನೂ ಕಚೇರಿಯನ್ನೂ ಒಟ್ಟಿಗೆ ಆಳುವ ಹೆಂಗಸು. ನಿನ್ನೆ ಊಟದ ಹೊತ್ತಿಗೆ ಅವರನ್ನು ಕೇಳಿದೆ.

"ಬ್ಯೂಲಾ, ಈ ಜೂನ್ ತಿಂಗಳಲ್ಲಿ ಏನಾದರೂ ಬಿಟ್ಟಿದ್ದೀರಾ?"

"ಬಿಡೋದಾ? ನಾನಾ?" ಎಂದು ಸೌಟು ಎತ್ತಿದರು. "ಸೋಮವಾರ ಹನ್ನೆರಡು ಅಂತ ಎರಡು ಪುಟ ಇತ್ತಪ್ಪ. ಯಾರೋ ಕುಡ್ಕೊಂಡು ಎರಡು ಸಲ ಬರ್ದಿದ್ದಾನೆ ಅನ್ಕೊಂಡು ಒಂದರಲ್ಲೇ ಸೇರ್ಸಿ ನೀಟಾಗಿ ಹೊಡ್ದೆ. ನೀವೇ ತಾನೆ ಶಹಭಾಸ್ ಅಂದಿದ್ದು?"

ಹೌದು, ನಾನೇ ಅಂದಿದ್ದೆ.

ಇಂದು ಪೆಟ್ಟಿಗೆಯನ್ನು ತೆರೆದು ಮೂಲವನ್ನು ನೋಡಿದೆ. ಸೋಮವಾರ, 12 ಜೂನ್. ಹಾಳೆ ತಿರುವಿದರೆ ಮತ್ತೆ ಸೋಮವಾರ, 12 ಜೂನ್. ನಿಮ್ಮ ತಂದೆಯವರ ಹೆಸರಿರುವುದು ಎರಡನೆಯದರಲ್ಲಿ. ಶ್ರೀ ಟಾಲಿವರ್ ಅವರ ನೆನಪು ಈ ಮಟ್ಟಿಗೆ ನಮ್ಮ ಪ್ರತಿಗಿಂತ ಚೆನ್ನಾಗಿದೆ.

ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಭಾನುವಾರವನ್ನು ಬಿಟ್ಟು ಸೋಮವಾರವನ್ನೇಕೆ ಇಮ್ಮಡಿಸಿದರು? ಇಡೀ ಹಡಗು ಸೋಮವಾರವೆನ್ನುತ್ತಿದ್ದಾಗ ನಿಮ್ಮ ತಂದೆಯವರೊಬ್ಬರೇ ಮಂಗಳವಾರವೆಂದು ಕೊರೆದದ್ದೇಕೆ? ಇದಕ್ಕೆ ಉತ್ತರ ದೊರೆಯದಿದ್ದರೆ ಕಡಗ ಈಗಲೂ ಸಂಶಯದಲ್ಲೇ ಇದೆ. ಮಂಗಳವಾರವೆಂಬುದನ್ನು ಬೇರೆಯವರೂ ಆಮೇಲೆ ಕೊರೆದಿರಬಹುದು. ಶ್ರೀ ಟಾಲಿವರ್ ಅವರನ್ನು ಕೇಳಿ. ನಾನು ಬರೆದಿರುವುದನ್ನು ಅವರಿಗೆ ಹೇಳಬೇಡಿ. ಉತ್ತರವನ್ನು ನೀವಾಗಿ ಅವರ ಬಾಯಿಗೆ ಇಡಬೇಡಿ.

ಫಲಕದ ಅಚ್ಚನ್ನು ಜೂನ್ 5ರವರೆಗೆ ತಡೆಹಿಡಿಸಿದ್ದೇನೆ. ಸಮಿತಿಯವರು ಗೊಣಗುತ್ತಿದ್ದಾರೆ.

ವಿಧೇಯ,
ಆರ್ವಿಲ್ ಟ್ಯಾಂಡಿ


ಟೌನ್ಸ್‌ವಿಲ್
24 ಮೇ 1999

ಮಾನ್ಯ ಶ್ರೀ ಟ್ಯಾಂಡಿ ಅವರಿಗೆ,

ನಿಮ್ಮ ಪತ್ರವನ್ನು ಅಂಚೆಪೆಟ್ಟಿಗೆಯ ಬಳಿಯೇ ನಿಂತು ಓದಿದೆ. ನೀವು ಹಾಕಿದ ಕಟ್ಟಳೆ ನನಗೆ ಸಿಟ್ಟು ತರಿಸಿತು, ಆದರೂ ಪಾಲಿಸಿದೆ. ನೀವು ಹೇಳದಿದ್ದರೂ ಹಾಗೆಯೇ ಮಾಡುತ್ತಿದ್ದೆ. ಅವನಿಗೆ ಉತ್ತರ ಹೇಳಿಕೊಟ್ಟು ಮಾಡಿಸಿಕೊಂಡ ನೆಮ್ಮದಿ ನನಗೆ ಒಂದು ದಿನವೂ ಬಾಳುತ್ತಿರಲಿಲ್ಲ.

ತೆಂಗಿನತುರಿಯಲ್ಲಿ ಹೊರಳಿಸಿದ ಕೇಕು ಅವನಿಗೆ ಇಷ್ಟ, ಒಯ್ದಿದ್ದೆ. ನನ್ನನ್ನು ಕಂಡವನೇ, "ಬಂದ್ಯಾ? ನಾನೇನೋ ನಿನ್ ಕೋಳಿ ಕದ್ದೆ ಅಂತ ದೂರು ಕೊಟ್ಯೇನೋ ಅನ್ಕೊಂಡಿದ್ದೆ" ಎಂದ.

"ಫರ್ಗಸ್, ಎರಡು ಸೋಮವಾರ ಅಂದ್ಯಲ್ಲ. ಯಾಕೆ ಸೋಮವಾರ?"

"ಯಾಕೆ ಅಂದ್ರೆ ನಮ್ ಕಪ್ತಾನ ಜಿಪುಣ. ರೇಖೆ ದಾಟಿದ್ದು ಭಾನುವಾರ. ಭಾನುವಾರ ಕೆಲ್ಸ ಮಾಡಿದ್ರೆ ನಮಗೆ ಹೆಚ್ಚಿನ ಕೂಲಿ. ಎರಡೆರಡು ಭಾನುವಾರ ಕೊಡ್ತಾನಾ ಅವನು? ಸುಮ್ನೆ ಮುಂದೆ ಹೋಗಿ ಸೋಮವಾರ ಬರ್ಲಿ ಅಂತ ಕಾದ. ಯಾವ ಕಪ್ತಾನ ತಾನೇ ಎರಡನೇ ಭಾನುವಾರ ಕೊಟ್ಟ ಹೇಳು? ನಮ್ಮ ಭಾನುವಾರ ಇನ್ನೂ ಆ ನೀರಲ್ಲೇ ಎಲ್ಲೋ ತೇಲ್ತಾ ಇದೆ."

ನಕ್ಕ. ತುಟಿಗೆಲ್ಲ ತೆಂಗಿನತುರಿ ಮೆತ್ತಿತ್ತು. ಮಂಗಳವಾರದ ಮಾತನ್ನು ನಾನು ಎತ್ತಲಿಲ್ಲ. ಕಡಗವನ್ನು ಅವನ ಅಂಗೈಯಲ್ಲಿಟ್ಟೆ. ಅವನು ಕನ್ನಡಕವಿಲ್ಲದೆ ಒಳಮೈಯನ್ನು ಹೆಬ್ಬೆರಳಿನಿಂದ ತಡವಿದ.

"ಮಂಗಳವಾರ" ಎಂದ. "ನಾವು ಎಷ್ಟು ಗೇಲಿ ಮಾಡಿದ್ವಿ ಅವನಿಗೆ. ರೇಖೆ ದಾಟಿದ್ಮೇಲೆ ನಾವೆಲ್ಲ ದಿನ ತಿರುಗಿಸ್ಕೊಂಡ್ವಿ. ಎಮೆಟ್ ಒಪ್ಲಿಲ್ಲ. 'ನೀವು ಕಪ್ತಾನನ ದಿನ ಇಟ್ಕೊಳ್ಳಿ, ನಾನು ಐಲೀನ್ ದಿನ ಇಟ್ಕೋತೀನಿ. ಅವಳಿಗೆ ಮಂಗಳವಾರ ಆದ್ರೆ ನನಗೂ ಮಂಗಳವಾರ' ಅಂದ. 'ಲೋ ಹೆಂಡ್ತಿ ಗುಲಾಮ, ಹಾಗಾದ್ರೆ ನಾಳೆ ಪಾಳಿ ಇವತ್ತೇ ಮಾಡು' ಅಂದೆ ನಾನು. ಮಂಚದ ಮೇಲೆ ಕೂತು ಇದನ್ನ ಕೊರೀತಾನೇ ಇದ್ದ. ದಿಂಬಿನ ಕೆಳಗೆ ಇಟ್ಟ. ಪಾಳಿಗೆ ಇಳಿದ." ಅಕ್ಷರಗಳನ್ನು ಮತ್ತೆ ತಡವಿದ. "ನಾನು ಆಡಿದ ಕೊನೇ ಮಾತು ಅದೇ, ಮೇವಿ. ಹೆಂಡ್ತಿ ಗುಲಾಮ ಅಂತ."

ಆಮೇಲೆ ಕಡಗವನ್ನು ನನ್ನ ಕೈಗೆ ತೊಡಿಸಲು ನೋಡಿದ. ನನ್ನ ಮುಂಗೈ ದಪ್ಪ, ಹಿಡಿಸಲಿಲ್ಲ. "ನಿಮ್ಮಮ್ಮಂಗೆ ಸರಿಯಾಗಿತ್ತು" ಎಂದ.

ಇಷ್ಟು ವಾರ ಬಾರದ ಕಾರಣವನ್ನು ನಾನು ಅವನಿಗೆ ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಮರೆತನೋ, ಬಿಟ್ಟನೋ ತಿಳಿಯದು. ಈಗ ದಿನವೂ ಹೋಗುತ್ತಿದ್ದೇನೆ.

ಹೆಸರನ್ನು ಬಿಟ್ಟುಬಿಡಿ ಎಂದದ್ದನ್ನು ಹಿಂದಕ್ಕೆ ಪಡೆಯಬಹುದಾದರೆ ಪಡೆಯುತ್ತೇನೆ. ಅದರ ಪಕ್ಕದಲ್ಲಿ ಯಾವ ದಿನ ಬರಬೇಕೆಂಬುದನ್ನು ನೀವೇ ನಿರ್ಧರಿಸಿ. ನಿಮ್ಮ ಲೆಕ್ಕದ ಮೇಲೆ ನನಗೀಗ ನಂಬಿಕೆಯಿದೆ. ನಿಮ್ಮ ಮೇಲೂ, ಬಹುಮಟ್ಟಿಗೆ.

ಮೇವಿಸ್ ಪೆಂಗೆಲಿ


ವಲೇಹೊ
3 ಜೂನ್ 1999

ಪ್ರಿಯ ಮೇವಿಸ್ ಅವರಿಗೆ,

'ಬಹುಮಟ್ಟಿಗೆ' ಎಂಬುದನ್ನು ಗೌರವದಿಂದ ಸ್ವೀಕರಿಸಿದ್ದೇನೆ. ಅದು ನನ್ನ ಯೋಗ್ಯತೆಗೆ ಸರಿಯಾದ ಅಳತೆ.

ನಿಮ್ಮ ಪತ್ರವನ್ನು ಸಮಿತಿಯ ಮುಂದೆ ಓದಿದೆ. ಭಾನುವಾರದ ಮಾತಿಗೆ ಹಳಬರೆಲ್ಲ ಮೇಜು ತಟ್ಟಿ ನಕ್ಕರು. ಅವರೆಲ್ಲರ ಕಪ್ತಾನರೂ ಹಾಗೆಯೇ ಇದ್ದರಂತೆ. ಮಂಗಳವಾರದ ಮಾತಿಗೆ ಯಾರೂ ನಗಲಿಲ್ಲ. ಹೆಸರು ಅವಿರೋಧವಾಗಿ ಫಲಕಕ್ಕೆ ಸೇರಿದೆ, ಪಕ್ಕದಲ್ಲಿ ಹಡಗಿನ 12, ಟೌನ್ಸ್‌ವಿಲ್ಲಿನ 13 ಎರಡೂ. ಅಚ್ಚು ನಾಳೆ ಹೋಗುತ್ತದೆ. ಬ್ಯೂಲಾ ಮೂಗು ಸೀಟಿಕೊಂಡು ಎದ್ದುಹೋಗಿ, ಕಾರಿನಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತಂದು ನನ್ನ ಮುಂದಿಟ್ಟರು. "ತಗೊಳ್ಳಿ. ಹೊಳಪು ಕೊಡೋಕೆ ಮನೆಗೆ ತಗೊಂಡ್ಹೋಗಿ ಮರ್ತಿದ್ದೆ. ಆಯಮ್ಮನ ಮಗನ ಮೇಲೆ ಹಾಕಿದ್ರಂತಲ್ಲ, ನಾಚಿಕೆ ಆಗ್ಬೇಕು ನಿಮಗೆ" ಎಂದರು. ಒಳಗಿದ್ದುದು ಕಾಣೆಯಾಗಿದ್ದ ಹಿತ್ತಾಳೆಯ ಬಳೆ. ನಿಮ್ಮ ಮಗನಿಗೆ ಬೇರೆಯಾಗಿ ಬರೆದಿದ್ದೇನೆ.

ಈ ಪತ್ರವ್ಯವಹಾರದಲ್ಲಿ ತಪ್ಪಿಹೋದ ದಿನಾಂಕಗಳನ್ನು ಕೆಳಗೆ ಸರಿಪಡಿಸಿದ್ದೇನೆ. ದಯವಿಟ್ಟು ಶ್ರೀ ಟಾಲಿವರ್ ಅವರಿಗೆ ಓದಿಹೇಳಿ. ತಪ್ಪಿದ್ದರೆ ಅವರು ತಿದ್ದಲಿ.

ನಿಮ್ಮ,
ಆರ್ವಿಲ್ ಟ್ಯಾಂಡಿ

ತಿದ್ದುಪಡಿಗಳು

11 ಜೂನ್ 1944, ಭಾನುವಾರ: ಹಡಗು ರೇಖೆಯನ್ನು ದಾಟಿತು. ಆ ದಿನವನ್ನು ಎರಡನೆಯ ಸಲ ಕೊಡಲಿಲ್ಲ.

12 ಜೂನ್ 1944, ಮೊದಲನೆಯ ಸೋಮವಾರ: ಎಮೆಟ್ ಕ್ಯಾಲವೇ ಕ್ಷೇಮ. ಇಸ್ಪೀಟಿನಲ್ಲಿ ಒಂದು ಬೆಲ್ಟು ಗೆದ್ದರು. ನಮ್ಮ ಪ್ರತಿಯಲ್ಲಿ ಈ ದಿನ ಇರಲಿಲ್ಲ, ಸೇರಿಸಲಾಗಿದೆ.

12 ಜೂನ್ 1944, ಎರಡನೆಯ ಸೋಮವಾರ: ಮಧ್ಯಾಹ್ನದ ಪಾಳಿಯಲ್ಲಿ ತೀರಿಕೊಂಡರು. ಆಗ ಟೌನ್ಸ್‌ವಿಲ್ಲಿನಲ್ಲಿ 13 ಜೂನ್, ಮಂಗಳವಾರ, ನಡುಹಗಲು. ಕಡಗದ ದಿನಾಂಕ ಸರಿ. ನಿಮ್ಮ ತಾಯಿಯವರ ಮೇಣದಬತ್ತಿಯ ದಿನವೂ ಸರಿ. ಒಂದು ವರ್ಷವೂ ತಪ್ಪಿರಲಿಲ್ಲ.

13 ಜೂನ್ 1944, ಹಡಗಿನ ಮಂಗಳವಾರ: ಕಡಲಿಗೆ ಒಪ್ಪಿಸಲಾಯಿತು. ಟೌನ್ಸ್‌ವಿಲ್ಲಿನಲ್ಲಿ ಅದು ಬುಧವಾರ.

ಅಕ್ಟೋಬರ್ 1998: ಹಿತ್ತಾಳೆಯ ಬಳೆ ಕಳುವಾಗಿರಲಿಲ್ಲ.

2 ಫೆಬ್ರುವರಿ 1999: ಆ ದಿನದ ನನ್ನ ಪತ್ರದಲ್ಲಿ 13ನ್ನು ತಪ್ಪೆಂದು ಕರೆದು ಕ್ಷಮೆ ಬೇಡಿದ್ದೆ. ಆ ಕ್ಷಮೆಯನ್ನು ಹಿಂದಕ್ಕೆ ಪಡೆದು, ಅದನ್ನು ಬೇಡಿದ್ದಕ್ಕಾಗಿ ಈಗ ಬೇಡುತ್ತೇನೆ.

12 ಜೂನ್ 1999, ಶನಿವಾರ, ಸಂಜೆ ಏಳು, ವಲೇಹೊ: ಹಡಗಿನ ಗಂಟೆ ಒಮ್ಮೆ, ಅಂದು ನಡುಗಡಲಿನಲ್ಲಿ ಮಧ್ಯಾಹ್ನವಾಗಿದ್ದ ಅದೇ ಹೊತ್ತಿಗೆ. ದೂರವಾಣಿಯನ್ನು ಬ್ಯೂಲಾ ಗಂಟೆಯ ಪಕ್ಕದಲ್ಲಿ ಹಿಡಿದಿರುತ್ತಾರೆ. ಇದೂ ತುರ್ತು ಅಂಚೆಯಲ್ಲೇ ಬರುತ್ತಿದೆ; ವೃದ್ಧಾಶ್ರಮದ ಸಂಖ್ಯೆಯನ್ನು ಕೂಡಲೇ ದೂರವಾಣಿಯಲ್ಲಿ ತಿಳಿಸಿ.

13 ಜೂನ್ 1999, ನಡುಹಗಲು, ಟೌನ್ಸ್‌ವಿಲ್: ಮೇಲಿನದೇ ಗಳಿಗೆ. ಅಲ್ಲಿ ಆಗ ಭಾನುವಾರ. ಕಪ್ತಾನರು ಕೊಡದೆ ಹೋದದ್ದು ಇದೇ ಎಂದು ಶ್ರೀ ಟಾಲಿವರ್ ಅವರಿಗೆ ಹೇಳಿ.